ಮರ ದಾಟುವಾಗ ಬಿಚ್ಚಿದ ಹಗ್ಗ

ಬಂಡೆ ಹತ್ತುವವರ ಹಗ್ಗ, ಕೊಕ್ಕೆ, ಪಟ್ಟಿಗಳ ಬಗ್ಗೆ ಮಾತಾಡಲು ಹೊರಟಿರುವ ನಾನು ಬಂಡೆ ಹತ್ತಿದವನೇ ಅಲ್ಲ. ಕೊಡಚಾದ್ರಿಗೆ ಹೋಗಿದ್ದು ಜೀಪಿನಲ್ಲಿ, ಕವಲೇದುರ್ಗಕ್ಕೆ ಹೋಗಿದ್ದು ಕಲ್ಲು ಹಾಸಿದ ದಾರಿಯಲ್ಲಿ. ಜೋಗದ 830 ಅಡಿಯ ಗೋಡೆಯನ್ನು ನೋಡಿದ್ದು ಕಬ್ಬಿಣದ ಕಟಾಂಜನದ ಈಚೆ ನಿಂತು. ನಾನು ಹತ್ತುವುದು ಅಡಿಕೆ ಮರ. ಊರು ಹೊಸನಗರದ ಕಡೆ. ಕೊನೆ ಕಾಲದಲ್ಲಿ, ಅಂದರೆ ಅಡಿಕೆ ಗೊನೆ ಕೊಯ್ಯುವಾಗ, ಸಾಗರ, ತೀರ್ಥಹಳ್ಳಿ ತಾಲ್ಲೂಕಿನ ತೋಟಗಳಿಗೂ ಹೋಗುತ್ತೇನೆ, ಮಳೆಗಾಲದಲ್ಲಿ ಔಷಧಿ ಹೊಡೆಯಲು ಕೂಡ. 26 ವರ್ಷವಾಯಿತು.

ನಮ್ಮಪ್ಪನ ಕಾಲದಲ್ಲಿ ಕೊನೆಗಾರನ ಆಸ್ತಿ ಅಂದರೆ ಕಾಲಿಗೆ ಸಿಕ್ಕಿಸುವ ಕುಣಿಕೆ ತಳೆ, ಕೂರಲು ಮಣೆ, ಸೊಂಟದಲ್ಲಿ ಕತ್ತಿ, ಕೈಯಲ್ಲಿ ಕೊಕ್ಕೆಯ ಉದ್ದ ಕೋಲು ದೋಟಿ, ಜತೆಗೆ ಒಂದು ಉದ್ದನೆಯ ಹಗ್ಗ. ಆ ಹಗ್ಗ ಕೊನೆಗೆ, ಕೊನೆಗಾರನಿಗಲ್ಲ. ಅಡಿಕೆ ಉದುರಬಾರದು ಅಂತ ಕೊನೆಯನ್ನು ಹಗ್ಗದ ಮೇಲೆ ಜಾರಿಸಿ ಇಳಿಸುತ್ತಿದ್ದರು, ಕೆಳಗೊಬ್ಬ ಹಗ್ಗ ಹಿಡಿದು ನಿಲ್ಲುತ್ತಿದ್ದ. ಮನುಷ್ಯ ಉದುರಬಾರದು ಅಂತ ಗೇಣು ದಾರವೂ ಇರಲಿಲ್ಲ.

ಈಗ ನನ್ನ ಚೀಲದಲ್ಲಿರುವ ಸಾಮಾನಿನಲ್ಲಿ ಅರ್ಧ ಬಂಡೆಯವರದ್ದು. ತಂದುಕೊಟ್ಟವನು ಅಕ್ಕನ ಮಗ. ಕಾಲೇಜಿನಲ್ಲಿದ್ದಾಗ ರಾಮನಗರದ ಬಂಡೆಗಳಲ್ಲಿ ತರಬೇತಿ ಮುಗಿಸಿ ಬಂದು, ನಾನು ಹತ್ತುವುದನ್ನು ಒಂದು ದಿನ ಕೆಳಗೆ ನಿಂತು ನೋಡಿದ. ಸಂಜೆ ಊಟಕ್ಕೆ ಕೂತಾಗ, "ಮಾವ, ನಮ್ಮ ಮೇಷ್ಟ್ರು ನಿಮ್ಮನ್ನ ನೋಡಿದ್ರೆ ಅಲ್ಲೇ ಕುಸಿದು ಬೀಳ್ತಿದ್ರು" ಅಂದ. ಅಲ್ಲಿಂದೀಚೆಗೆ ಅವನಿಂದ ಕಲಿತದ್ದು, ಅವನಿಗೆ ಮರದ ಮೇಲೆ ಕಲಿಸಿದ್ದು, ಇಬ್ಬರೂ ಪೆಟ್ಟು ತಿಂದು ಕಲಿತದ್ದು, ಎಲ್ಲ ಸೇರಿ ಇಷ್ಟು.

1. ಹತ್ತುವಾಗಲ್ಲ, ದಾಟುವಾಗ ಬೀಳುತ್ತಾರೆ

ನಮ್ಮ ಕಡೆ ಅಡಿಕೆ ಮರದಿಂದ ಮರಕ್ಕೆ ಒಂಬತ್ತು ಅಡಿ. ಒಂದೊಂದು ಮರವನ್ನೂ ಹತ್ತಿ ಇಳಿದರೆ ಮಧ್ಯಾಹ್ನದೊಳಗೆ ತೊಡೆ ನಡುಗುತ್ತದೆ. ಹಾಗಾಗಿ ದೋಟಿಯ ಕೊಕ್ಕೆಯನ್ನು ಪಕ್ಕದ ಮರದ ಸೋಗೆ ಬುಡಕ್ಕೆ ಹಾಕಿ ಎಳೆಯುತ್ತೇವೆ. ಮರ ಬಾಗಿ ಬರುತ್ತದೆ, ಈ ಮರ ಬಿಟ್ಟು ಆ ಮರ ಹಿಡಿಯುತ್ತೇವೆ. ನೋಡುವವರಿಗೆ ಮಂಗನಾಟ. ಎರಡು ಮರವೂ ನಮ್ಮದಲ್ಲದ ಒಂದು ಗಳಿಗೆ ಅದರಲ್ಲಿ ಇದ್ದೇ ಇರುತ್ತದೆ.

ನಾನು ಬಿದ್ದದ್ದು ಆ ಗಳಿಗೆಯಲ್ಲಿ. ಕಸುಬಿಗೆ ಇಳಿದು ಎಂಟನೇ ವರ್ಷ. ಅಷ್ಟು ಹೊತ್ತಿಗೆ ಬುದ್ಧಿ ಬಂದು ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುತ್ತಿದ್ದೆ. ಆದರೆ ದಾಟಬೇಕಾದರೆ ಹಗ್ಗ ಬಿಚ್ಚಬೇಕಲ್ಲ, ಬಿಚ್ಚಿದೆ. ಆ ಕಡೆ ಕಟ್ಟುವ ಮೊದಲೇ ಕೊಕ್ಕೆ ಸಿಕ್ಕಿಸಿದ್ದ ಸೋಗೆ ಹಾಳೆ ಸಮೇತ ಕಿತ್ತು ಬಂತು. ಸುಮಾರು 35 ಅಡಿ. ಬಸಿಗಾಲುವೆಯಲ್ಲಿ, ನಮ್ಮ ಮಾತಿನಲ್ಲಿ ಕಪ್ಪಿನಲ್ಲಿ, ಅದರ ಹಿಂದಿನ ವಾರವಷ್ಟೇ ಸೊಪ್ಪು ತುಂಬಿದ್ದರು. ಎರಡು ಪಕ್ಕೆಲುಬು, ಒಂದು ಕೊರಳೆಲುಬು ಹೋಯಿತು, ಜೀವ ಉಳಿಯಿತು. ಓಡಿ ಬಂದ ಭಾವ ಮೊದಲು ಕೇಳಿದ್ದು, "ಹಗ್ಗ ಎಲ್ಲೋ ಮಾರಾಯ?" ಅಂತ. ಹಗ್ಗ ಬಿಟ್ಟುಬಂದ ಮರದಲ್ಲೇ ತೂಗಾಡುತ್ತಿತ್ತು.

ಬಂಡೆಯವರು ಇದನ್ನು ಬಹಳ ಹಿಂದೆಯೇ ಬಗೆಹರಿಸಿಕೊಂಡಿದ್ದಾರೆ. ಸೊಂಟದ ಪಟ್ಟಿಗೆ ಎರಡು ತುಂಡು ಹಗ್ಗ, ಎರಡಕ್ಕೂ ತುದಿಯಲ್ಲಿ ಕೊಕ್ಕೆ. ಮುಂದಿನದನ್ನು ಹಾಕಿದ ಮೇಲೆಯೇ ಹಿಂದಿನದನ್ನು ತೆಗೆಯುವುದು. ಅದಕ್ಕೆ ಅವರು ದನದ ಬಾಲ ಅಂತಲೇ ಕರೆಯುತ್ತಾರಂತೆ. ಮೊದಲ ದಿನ ಇದನ್ನು ಮರದ ಮೇಲೆ ಮಾಡಿದಾಗ ದೋಟಿ ಜಾರಿ ಎರಡು ಮರವೂ ತಮ್ಮ ತಮ್ಮ ಜಾಗಕ್ಕೆ ಹೋಗಲು ಹೊರಟವು. ನಾನು ನಡುವೆ, ಒಣಹಾಕಿದ ಕಂಬಳಿಯ ಹಾಗೆ. ಬಂಡೆ ಅಲುಗುವುದಿಲ್ಲ, ಮರ ಅಲುಗುತ್ತದೆ; ಅಳಿಯನ ಪುಸ್ತಕದಲ್ಲಿ ಅದು ಇರಲಿಲ್ಲ. ಈಗ ಮೊದಲು ಎರಡು ಮರವನ್ನೂ ಒಂದು ಗಿಡ್ಡ ಹಗ್ಗದಿಂದ ಒಟ್ಟಿಗೆ ಬಿಗಿದುಬಿಡುತ್ತೇನೆ. ಆಮೇಲೆ ಆ ಕಡೆಯ ಬಾಲ ಹಾಕುವುದು, ದಾಟುವುದು, ಈ ಕಡೆಯ ಬಾಲ ತೆಗೆಯುವುದು, ಕಡೆಗೆ ಮರ ಬಿಡುವುದು.

2. ಸುತ್ತುವುದು ಬೇರೆ, ಬಿಗಿಯುವುದು ಬೇರೆ

ಸುತ್ತುವುದಕ್ಕೂ ಬಿಗಿಯುವುದಕ್ಕೂ ಇರುವ ವ್ಯತ್ಯಾಸ ತಿಳಿಯದೆ ಪೇಟೆಯಿಂದ ಬೆಲ್ಟು ತಂದವರನ್ನು ಬೇಕಾದಷ್ಟು ನೋಡಿದ್ದೇನೆ. ವಿದ್ಯುತ್ ಕಂಬದವರು ಹಾಕುವಂಥ ಬೆಲ್ಟು. ಕಂಬವನ್ನು ಬಳಸಿ ಮತ್ತೆ ಸೊಂಟಕ್ಕೇ ಬರುವ ಪಟ್ಟಿ. ಹಿಂದಕ್ಕೆ ಒರಗಿ ಕೂರಲು ಅದು ಬಲು ಸುಖ. ಕಾಲು ಜಾರಿತೋ, ಸುತ್ತು ಸಡಿಲವಾಗಿ ನಿಮ್ಮ ಜತೆಗೇ ಕೆಳಗೆ ಬರುತ್ತದೆ. ಅಡಿಕೆ ಮರಕ್ಕೆ ಕೊಂಬೆಯಿಲ್ಲ, ತಡೆಯಿಲ್ಲ, ಬುಡದವರೆಗೆ ನುಣ್ಣಗೆ. ಬೆಲ್ಟು ಹಾಕಿಕೊಂಡೇ ಬಿದ್ದವರನ್ನು ನಮ್ಮೂರಿನಲ್ಲೇ ತೋರಿಸಬಲ್ಲೆ.

ಬೇಕಾದದ್ದು ಜೀರುಗುಣಿಕೆ. ಹಗ್ಗವನ್ನು ಮರಕ್ಕೆ ಎರಡು ಸುತ್ತು ಹಾಕಿ, ತುದಿಯನ್ನು ಹಗ್ಗದ ಕಣ್ಣಿನಲ್ಲೇ ತೂರಿಸಿ ಎಳೆದರೆ, ಭಾರ ಬಿದ್ದಷ್ಟೂ ಅದು ಮರವನ್ನು ಕಚ್ಚುತ್ತದೆ. ಭಾರ ತೆಗೆದರೆ ಸಡಿಲ, ಕೈಯಿಂದ ಮೇಲಕ್ಕೆ ತಳ್ಳಬಹುದು. ಅಳಿಯ ತನ್ನ ಚೀಲದಿಂದ ಸಣ್ಣ ದಾರದ ಕುಣಿಕೆ ತೆಗೆದು, ದೊಡ್ಡ ಹಗ್ಗದ ಮೇಲೆ ಮೂರು ಸುತ್ತು ಹಾಕಿ ತೋರಿಸಿದ. "ಇದು ಪ್ರುಸಿಕ್ ಗಂಟು ಮಾವ. ಆಸ್ಟ್ರಿಯಾದ ಕಾರ್ಲ್ ಪ್ರುಸಿಕ್ ಅನ್ನೋರು 1931ರಲ್ಲಿ ಬರೆದು ತಿಳಿಸಿದ್ದು." ನಾನು ಕಾಲಿನ ತಳೆ ತೋರಿಸಿದೆ. ತಳೆಯ ಗುಟ್ಟೂ ಅದೇ ತಾನೇ? ಭಾರ ಬಿಟ್ಟಾಗ ಕಚ್ಚುತ್ತದೆ, ಕಾಲು ಎತ್ತಿದಾಗ ಬಿಡುತ್ತದೆ. ಅವನು ಸ್ವಲ್ಪ ಹೊತ್ತು ತಳೆಯನ್ನೇ ತಿರುಗಿಸಿ ತಿರುಗಿಸಿ ನೋಡಿದ.

ಎಷ್ಟು ಸುತ್ತು ಅನ್ನುವುದು ಮರದ ಮೈ ನೋಡಿ. ಚಳಿಗಾಲದ ಒಣ ಮರಕ್ಕೆ ಎರಡು ಸಾಕು. ಆಷಾಢದಲ್ಲಿ ಎರಡನೇ ಔಷಧಿಗೆ ಹತ್ತುವಾಗ ಮರದ ಮೈಗೆ ಪಾಚಿ ಹಿಡಿದು ಲೋಳೆಯಾಗಿರುತ್ತದೆ. ಆಗ ಮೂರು ಸುತ್ತು, ಅದೂ ನೆಲದಿಂದ ಎರಡಡಿ ಎತ್ತರದಲ್ಲಿ ಒಮ್ಮೆ ಪೂರಾ ಭಾರ ಬಿಟ್ಟು ಜಗ್ಗಿ ನೋಡಿ. ಅಲ್ಲಿ ಜಾರಿದ ಗಂಟು ಮೇಲೆಯೂ ಜಾರುತ್ತದೆ.

3. ಗಂಟು ಎದೆಗಿಂತ ಮೇಲಿರಲಿ

ಬಂಡೆಯವರ ಲೆಕ್ಕ ಒಂದಿದೆ. ಬೀಳುವ ದೂರವನ್ನು ಹಗ್ಗದ ಉದ್ದದಿಂದ ಭಾಗಿಸುವುದು. ಒಂದು ಮೀಟರ್ ಹಗ್ಗ. ಗಂಟು ತಲೆಯ ಮೇಲಿದ್ದರೆ ಬೀಳುವುದು ಇಲ್ಲವೇ ಇಲ್ಲ ಅನ್ನುವಷ್ಟು, ಗಂಟು ಸೊಂಟದ ಸಮಕ್ಕಿದ್ದರೆ ಒಂದು ಮೀಟರ್, ಪಾದದ ಹತ್ತಿರಕ್ಕೆ ಜಾರಿದ್ದರೆ ಎರಡು ಮೀಟರ್ ಹತ್ತಿರ. ಹಗ್ಗ ಅದೇ, ಮರ ಅದೇ, ಪೆಟ್ಟು ಮಾತ್ರ ಬೇರೆ.

ಪೆಟ್ಟು ಎಷ್ಟೆಂದು ಒಮ್ಮೆ ಕಾಗದದ ಮೇಲೆ ಹಾಕಿ ನೋಡಿದೆವು. 70 ಕೆ.ಜಿ. ಆಳು ಒಂದು ಮೀಟರ್ ಬಿದ್ದು, ಹಗ್ಗ ಅವನನ್ನು ಹತ್ತು ಸೆಂಟಿಮೀಟರಿನಲ್ಲಿ ಹಿಡಿದು ನಿಲ್ಲಿಸಿತು ಅನ್ನಿ. ಆ ಹತ್ತು ಸೆಂಟಿಮೀಟರಿನುದ್ದಕ್ಕೂ ಹಗ್ಗದ ಮೇಲೆ, ಸೊಂಟದ ಮೇಲೆ, ಸುಮಾರು 770 ಕೆ.ಜಿ. ತೂಕದ ಎಳೆತ. ಮುಕ್ಕಾಲು ಟನ್. ಅದಕ್ಕೇ ಬಂಡೆಯವರ ಮುಖ್ಯ ಹಗ್ಗ ರಬ್ಬರಿನ ಗುಣದ್ದು, ದೊಡ್ಡ ಬೀಳಿನಲ್ಲಿ ಮೂರನೇ ಒಂದು ಪಾಲಿನಷ್ಟು ಹಿಗ್ಗಿ ಪೆಟ್ಟನ್ನು ನುಂಗುತ್ತದೆ. ಗುಹೆಗೆ ಇಳಿಯಲು, ಜನರನ್ನು ಎತ್ತಲು ಬಳಸುವ ಹಗ್ಗ ಹಿಗ್ಗುವುದೇ ಇಲ್ಲ ಅನ್ನುವಷ್ಟು ಕಡಿಮೆ. ಎರಡೂ ನೋಡಲು ಒಂದೇ ಥರ, ಒಳಗೆ ಎಳೆಗಳ ಕಟ್ಟು, ಹೊರಗೆ ಬಣ್ಣದ ಹೆಣಿಗೆ. ಬಾಲಕ್ಕೆ ಹಿಗ್ಗುವ ಹಗ್ಗದ ತುಂಡು ಒಳ್ಳೆಯದು. ನೀರು ಸೇದುವ ಹಸಿರು ಪ್ಲಾಸ್ಟಿಕ್ ಹಗ್ಗ ಯಾವುದಕ್ಕೂ ಬೇಡ.

ಹಗ್ಗ ತಡೆಯದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಅಳಿಯ ಒಂದು ಹಳೆಯ ಕಥೆ ಹೇಳಿದ. 1865ರ ಜುಲೈ 14ರಂದು ಆಲ್ಪ್ಸ್‌ನ ಮ್ಯಾಟರ್‌ಹಾರ್ನ್ ಶಿಖರವನ್ನು ಮೊದಲ ಸಲ ಹತ್ತಿದ ಏಳು ಜನರಲ್ಲಿ ನಾಲ್ವರು ಇಳಿಯುವಾಗ ಸತ್ತರು. ಒಬ್ಬ ಜಾರಿದ, ನಡುವಿನ ಹಗ್ಗ ತುಂಡಾಯಿತು. ಆ ತುಂಡು ಈಗಲೂ ಜರ್ಮಾಟ್ ಊರಿನ ಮ್ಯೂಸಿಯಂನಲ್ಲಿದೆಯಂತೆ. ಅಳಿಯ ಫೋಟೋ ತೋರಿಸಿದಾಗ ನನಗೆ ನಮ್ಮ ಕೊಟ್ಟಿಗೆಯಲ್ಲಿ ದನ ಕಟ್ಟುವ ದಾಬಿನ ನೆನಪಾಯಿತು, ಅಷ್ಟೇ ದಪ್ಪ.

4. ಕೊಕ್ಕೆಯ ಮೈಮೇಲೆ ಬರೆದಿದ್ದನ್ನು ಓದಿ

ಬಂಡೆಯವರ ಕೊಕ್ಕೆಗೆ ಕ್ಯಾರಬೀನರ್ ಅನ್ನುತ್ತಾರೆ. ಅದರ ಬೆನ್ನ ಮೇಲೆ ಮೂರು ಅಂಕೆ ಕೆತ್ತಿರುತ್ತದೆ: ಉದ್ದಕ್ಕೆ ಎಳೆದರೆ, ಅಡ್ಡಕ್ಕೆ ಎಳೆದರೆ, ಬಾಯಿ ತೆರೆದಿದ್ದರೆ ಎಷ್ಟು ತಡೆಯುತ್ತದೆ ಎಂದು. ಉದ್ದಕ್ಕೆ 20ಕ್ಕಿಂತ ಹೆಚ್ಚು, ಉಳಿದ ಎರಡು ಏಳೋ ಎಂಟೋ. ಒಂದು ಅಂದರೆ ಸುಮಾರು ನೂರು ಕೆ.ಜಿ. ಮೇಲಿನ 770 ಕೆ.ಜಿ. ಲೆಕ್ಕವನ್ನು ಇದರ ಪಕ್ಕ ಇಟ್ಟು ನೋಡಿ. ಅಡ್ಡಕ್ಕೆ ತಿರುಗಿದ ಕೊಕ್ಕೆಗೆ ಅದು ಅಂಚಿನ ಮಾತು. ಬೀಗದ ತಿರುಪು ಇರುವ ಕೊಕ್ಕೆಯನ್ನೇ ಕೊಳ್ಳಿ, ತಿರುಪು ಹಾಕಿ. ಕೀಲಿಕೈ ಗೊಂಚಲಿಗೆ ಹಾಕುವ ಅದೇ ಆಕಾರದ ಬಣ್ಣದ ಕೊಕ್ಕೆ ಸಂತೆಯಲ್ಲಿ ಸಿಗುತ್ತದೆ, ಅಂಕೆ ಇರುವುದಿಲ್ಲ. ಒಬ್ಬ ಹುಡುಗ ಅದನ್ನೇ ಸೊಂಟಕ್ಕೆ ಹಾಕಿಕೊಂಡು ಬಂದಿದ್ದ. ಅವನನ್ನು ಆ ದಿನ ಅಡಿಕೆ ಹೆಕ್ಕಲು ಹಾಕಿದೆ.

5. ಸೊಂಟ ಒಂದನ್ನೇ ನಂಬಬೇಡಿ

ಬರೀ ಸೊಂಟಕ್ಕೆ ಕಟ್ಟಿದ ಹಗ್ಗ ನಮ್ಮನ್ನು ಹಿಡಿಯುತ್ತದೆ, ಆದರೆ ಹೊಟ್ಟೆಯನ್ನು ಹಿಂಡಿ ಪಕ್ಕೆಗೆ ಒದ್ದು ಹಿಡಿಯುತ್ತದೆ. ತೊಡೆಗಳಿಗೂ ಪಟ್ಟಿ ಬರುವ ಹಾರ್ನೆಸ್ ಬೇಕು. ಬಂಡೆಯವರದು ಸೊಂಟ-ತೊಡೆಯದ್ದು, ಹಗುರ, ಮರಕ್ಕೆ ಅನುಕೂಲ. ಕಟ್ಟಡ ಕೆಲಸದವರದು ಭುಜಕ್ಕೂ ಬರುವಂಥದ್ದು, ಐಎಸ್ 3521 ಗುರುತು ಇರುತ್ತದೆ, ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ. ಔಷಧಿ ಹೊಡೆಯುವಾಗ ನನಗೆ ಎರಡನೆಯದೇ ಇಷ್ಟ, ಪೈಪಿನ ಎಳೆತಕ್ಕೆ ತಲೆ ಕೆಳಗಾಗುವ ಭಯವಿಲ್ಲ. ಕೊನೆ ತೆಗೆಯುವಾಗ ಅದರ ಪಟ್ಟಿಗಳು ಸೋಗೆಗೆ ಸಿಕ್ಕಿ ಪ್ರಾಣ ತಿನ್ನುತ್ತವೆ.

6. ಮರವನ್ನು ತಟ್ಟಿ ಮಾತಾಡಿಸಿ

ಹಗ್ಗ ಎಷ್ಟೇ ಗಟ್ಟಿಯಿರಲಿ, ಅದನ್ನು ಕಟ್ಟಿದ್ದು ಯಾವುದಕ್ಕೆ? ಬಂಡೆಯವರು ಕಲ್ಲಿನ ಚಕ್ಕೆಯನ್ನು ಹಿಡಿಯುವ ಮೊದಲು ಗುದ್ದಿ ಕೇಳುತ್ತಾರೆ, ಟೊಳ್ಳು ಸದ್ದು ಬಂದರೆ ಮುಟ್ಟುವುದಿಲ್ಲ. ನಾವು ಕತ್ತಿಯ ಹಿಂಬದಿಯಿಂದ ತಟ್ಟುತ್ತೇವೆ. ಅಣಬೆ ರೋಗ ಹಿಡಿದ ಮರ ಮೇಲೆ ಹಸಿರಿದ್ದರೂ ಬುಡ ಕೊಳೆತಿರುತ್ತದೆ, ಬುಡದಲ್ಲಿ ಕಂದು ಅಂಟು ಇಳಿದ ಗುರುತು ನೋಡಿ. ಹಿಡಿಮುಂಡಿಗೆ ರೋಗದ ಮರದ ತಲೆ ಸಣ್ಣಗಾಗಿ ಸೋಗೆ ಗಿಡ್ಡವಾಗಿರುತ್ತದೆ, ಅಂಥ ತಲೆಗೆ ದೋಟಿ ಹಾಕಿ ಎಳೆಯಬಾರದು. ಪಡುವಣ ಬಿಸಿಲಿಗೆ ಮೈ ಸೀಳಿದ ಮರ ಆ ಸೀಳಿನಲ್ಲೇ ಮುರಿಯುತ್ತದೆ. ಅನುಮಾನ ಬಂದ ಮರವನ್ನು ಹತ್ತುವುದಿಲ್ಲ ಅಂತ ಒಡೆಯರಿಗೆ ಬೆಳಿಗ್ಗೆಯೇ ಹೇಳಿಬಿಡುವುದು ಒಳ್ಳೆಯದು, ಮಧ್ಯಾಹ್ನ ಹೇಳಿದರೆ ಸೋಮಾರಿತನ ಅನ್ನಿಸುತ್ತದೆ. ಒಬ್ಬರು, ಊರು ಹೆಸರು ಬೇಡ, "ಹೋದ ವರ್ಷ ಹತ್ತಿದ್ದೆಯಲ್ಲ, ಈ ವರ್ಷ ಎಂತಾ ಬಂತು?" ಅಂದರು. ಆ ಮರ ಮುಂದಿನ ಮಳೆಗಾಲದ ಗಾಳಿಗೆ ಮಲಗಿತು. ಅವರು ಆಮೇಲೂ ಏನೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

7. ಔಷಧಿಯ ಹಗ್ಗ ಬೇರೆ, ಕೊನೆಯ ಹಗ್ಗ ಬೇರೆ

ನಾವು ಹೊಡೆಯುವ ಔಷಧಿ ಬೋರ್ಡೋ ದ್ರಾವಣ, ಅಂದರೆ ನೂರು ಲೀಟರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಮೈಲುತುತ್ತ ಹುಳಿ, ಸುಣ್ಣ ಅದಕ್ಕೆ ಎದುರು. ಹದ ತಪ್ಪಿ ಹುಳಿ ಉಳಿದರೆ ಅದ್ದಿದ ಕತ್ತಿಯ ಅಲಗಿಗೆ ತಾಮ್ರದ ಕೆಂಪು ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ನೈಲಾನ್ ಹಗ್ಗಕ್ಕೆ ಆ ಹುಳಿ ಆಗುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿಲ್ಲ. ಇನ್ನೂ ಕೆಟ್ಟದ್ದು ಬ್ಯಾಟರಿಯ ಆಸಿಡ್. ಪಿಕಪ್ಪಿನಲ್ಲಿ ಬ್ಯಾಟರಿ ಪಕ್ಕದಲ್ಲೇ ಹಗ್ಗದ ಚೀಲ ಎಸೆದು ಹೋಗುತ್ತೇವೆ. ಹಗ್ಗದ ಮೇಲೆ ಗುರುತೂ ಕಾಣದೆ ಒಳಗಿನ ಎಳೆ ಸತ್ತಿರಬಹುದು.

ನಾನು ಮಾಡುವುದು ಇಷ್ಟು. ಔಷಧಿಗೆ ಪಾಲಿಯೆಸ್ಟರ್ ಹಗ್ಗ, ಅದು ಹುಳಿಗೆ ನೈಲಾನಿಗಿಂತ ತಡೆಯುತ್ತದೆ. ಸಂಜೆ ಬರೀ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸುವುದು. ಅಡಿಕೆ ಒಣಗಿಸುವ ಅಂಗಳದ ಬಿಸಿಲು ಹಗ್ಗಕ್ಕೆ ಬೇಡ. ಭಾನುವಾರ ಹಗ್ಗವನ್ನು ಮಡಿಲಲ್ಲಿ ಹಾಕಿಕೊಂಡು ಒಂದು ತುದಿಯಿಂದ ಇನ್ನೊಂದಕ್ಕೆ ಬೆರಳಲ್ಲಿ ಒತ್ತುತ್ತಾ ಹೋಗುತ್ತೇನೆ. ಗಟ್ಟಿ ಇದ್ದ ಕಡೆ ಮೆತ್ತಗೆ, ಮೆತ್ತಗಿದ್ದ ಕಡೆ ಗಂಟು ಸಿಕ್ಕಿದರೆ ಆ ಹಗ್ಗದ ಕೆಲಸ ಮುಗಿಯಿತು. ಮನೆಯವಳು ಇದನ್ನು ನನ್ನ ಜಪ ಅನ್ನುತ್ತಾಳೆ.

8. ಕೆಳಗೆ ನಿಂತವನ ತಲೆ

ಹಗ್ಗ ಹಿಡಿಯುವವನಿಗೆ ಹೆಲ್ಮೆಟ್ ಕೊಡಿಸಿ. ಬೀಳುವುದು ನಾವು ಮಾತ್ರವಲ್ಲ, ಕತ್ತಿ ಬೀಳುತ್ತದೆ, ಒಣಸೋಗೆ ಬೀಳುತ್ತದೆ. ಕೊನೆ ಹಗ್ಗ ತಪ್ಪಿ ನೆಟ್ಟಗೆ ಬಂದರೆ ಹತ್ತು ಕೆ.ಜಿ. ಭಾರ. ಬೈಕಿನ ಹೆಲ್ಮೆಟ್ಟಿನಲ್ಲಿ ತಲೆ ಎತ್ತಿ ನೋಡಲು ಆಗುವುದಿಲ್ಲ, ಕಿವಿಯೂ ಕೇಳುವುದಿಲ್ಲ. ಬಂಡೆಯವರದೋ, ಕಟ್ಟಡದವರದೋ ಆದರೆ ಸರಿ, ಗದ್ದದ ಪಟ್ಟಿ ಇರಬೇಕು. ಕತ್ತಿಗೂ ಒಂದು ದಾರ ಕಟ್ಟಿ ಸೊಂಟಕ್ಕೆ ಸಿಕ್ಕಿಸಿ.

9. ನೇತಾಡುವವನನ್ನು ಇಳಿಸುವುದು ಹೇಗೆ?

ಹಗ್ಗ ಹಿಡಿಯಿತು, ಸರಿ. ಆಮೇಲೆ? ಪ್ರಜ್ಞೆ ತಪ್ಪಿದವನು ಹಾರ್ನೆಸ್ಸಿನಲ್ಲಿ ಕಾಲು ಇಳಿಬಿಟ್ಟು ಅಲುಗಾಡದೆ ನೇತಾಡಿದರೆ ರಕ್ತ ಕಾಲಲ್ಲೇ ನಿಂತು, ನಿಮಿಷಗಳ ಲೆಕ್ಕದಲ್ಲಿ ಜೀವಕ್ಕೆ ಅಪಾಯ. ಪೇಟೆಯಿಂದ ಆಂಬುಲೆನ್ಸ್ ಬರುವವರೆಗೆ ಕಾಯಲಾಗದು. ಕಣಜ ಕಡಿದರೂ ಇದೇ ಗತಿ. ಮರದ ತಲೆಯಲ್ಲಿ ಗೂಡಿದ್ದದ್ದು ಗೊತ್ತಾಗದೆ ಕೈ ಹಾಕಿದೆ ಅನ್ನಿ, ಎರಡೂ ಕೈ ಮುಖಕ್ಕೆ ಹೋಗುತ್ತದೆ.

ಅದಕ್ಕೆ ನಮ್ಮ ತಂಡದಲ್ಲಿ ಒಬ್ಬನೇ ಹತ್ತುವುದಿಲ್ಲ. ಹತ್ತಬಲ್ಲ ಇನ್ನೊಬ್ಬ, ಅವನ ಹಾರ್ನೆಸ್, ನಲವತ್ತು ಮೀಟರ್ ಬಿಡಿ ಹಗ್ಗ ತೋಟದಲ್ಲೇ ಇರಬೇಕು. ವರ್ಷಕ್ಕೊಮ್ಮೆ, ಕೊನೆ ಶುರುವಾಗುವ ಮೊದಲು, ಮರಳು ತುಂಬಿದ ಚೀಲವನ್ನು ಮರಕ್ಕೆ ನೇತುಹಾಕಿ ಇಳಿಸಿ ನೋಡುತ್ತೇವೆ. ಮೊದಲ ವರ್ಷ ಇಳಿಸಲು ನಲವತ್ತು ನಿಮಿಷ ಹಿಡಿಯಿತು, ನಡುವೆ ಚೀಲ ಹರಿಯಿತು. ಮಕ್ಕಳು ಚಪ್ಪಾಳೆ ಹೊಡೆದರು. ಈಗ ಒಂಬತ್ತು ನಿಮಿಷ.

10. ಹತ್ತದಿರುವುದೂ ಒಂದು ಸಲಕರಣೆ, ಆದರೆ ಅದಕ್ಕೂ ಹಲ್ಲಿದೆ

ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ. ನೆಲದಲ್ಲೇ ನಿಂತು ಕೊನೆ ಕೊಯ್ಯಬಹುದು, ಔಷಧಿಯನ್ನೂ ಹೊಡೆಯಬಹುದು. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಗಣಪತಿ ಭಟ್ಟರು ಮಾಡಿದ ಮರ ಹತ್ತುವ ಬೈಕು 2019ರಲ್ಲಿ ಊರೂರು ಸುದ್ದಿಯಾಯಿತು. ಕುತ್ತಿಗೆ ನೋವು ಬಿಟ್ಟರೆ ದೋಟಿಯ ಬಗ್ಗೆ ನನ್ನ ತಕರಾರಿಲ್ಲ, ಅರ್ಧ ತೋಟ ಈಗ ಅದರಲ್ಲೇ ಮುಗಿಸುತ್ತೇನೆ. ಆದರೆ ಕಾರ್ಬನ್ ವಿದ್ಯುತ್ ಹಾಯಿಸುತ್ತದೆ, ಅಲ್ಯೂಮಿನಿಯಂ ಹಾಗೆಯೇ. ತೋಟದ ಅಂಚಿನಲ್ಲಿ ಲೈನು ಹೋಗಿದ್ದರೆ ಆ ಸಾಲಿಗೆ ದೋಟಿ ಎತ್ತಬಾರದು. ಬಿದಿರಿನ ಕಾಲದ ಅಭ್ಯಾಸದಲ್ಲಿ ಎತ್ತಿಬಿಡುತ್ತೇವೆ.

11. ಹೊತ್ತಿನ ಲೆಕ್ಕ ಮೊದಲೇ ಮಾತಾಡಿ

ಚಿಕ್ಕ ಹುಡುಗರು ಕೇಳುತ್ತಾರೆ, ಚಿತ್ರದುರ್ಗದ ಕೋಟೆ ಗೋಡೆ ಹತ್ತುವ ಜ್ಯೋತಿರಾಜ್ ಹಗ್ಗ ಕಟ್ಟುತ್ತಾರಾ ಅಂತ. ಅವರು ಹತ್ತುವುದು ಒಂದು ಗೋಡೆ, ನೋಡಲು ಜನ. ನಾವು ದಿನಕ್ಕೆ ಎಂಬತ್ತು ಮರ, ನೋಡಲು ಯಾರೂ ಇಲ್ಲ, ಮಧ್ಯಾಹ್ನ ಮೂರು ಗಂಟೆಗೆ ಕೈ ಸೋತಿರುತ್ತದೆ.

ಹಗ್ಗ ಕಟ್ಟದಿರಲು ನಿಜವಾದ ಕಾರಣ ಧೈರ್ಯವಲ್ಲ, ಕೂಲಿ. ಕೊನೆಗೆ ಇಷ್ಟು ಅಂತ ಲೆಕ್ಕ. ಒಂದು ಮರಕ್ಕೆ ಕಟ್ಟಿ ಬಿಚ್ಚಲು ನನಗೆ ನಲವತ್ತು ಸೆಕೆಂಡು, ಎಂಬತ್ತು ಮರಕ್ಕೆ ಹೆಚ್ಚುಕಡಿಮೆ ಒಂದು ಗಂಟೆ. ಆ ಗಂಟೆಯನ್ನು ನನ್ನ ಜೇಬಿನಿಂದ ಕೊಡಬೇಕೋ, ತೋಟದವರ ಜೇಬಿನಿಂದಲೋ? ಮುಂಗಡ ಹಿಡಿಯುವ ದಿನವೇ ಇದನ್ನು ಎತ್ತುತ್ತೇನೆ. ತೀರ್ಥಹಳ್ಳಿ ಕಡೆಯ ಒಬ್ಬ ಗೌಡರು ಪೂರಾ ಕೇಳಿ, "ಸರಿ, ಗಂಟೆ ನಂದು. ಆದ್ರೆ ಕಟ್ದೆ ಹತ್ತಿದ್ ಕಂಡ್ರೆ ಆ ದಿನದ ಲೆಕ್ಕಾನೂ ನಂದು" ಅಂದರು. ಆಗಲಿ ಗೌಡ್ರೆ ಅಂದೆ. ಅವರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು, ಅಡಿಕೆ ಬೇಯಿಸುವ ಚೊಗರಿನ ಹಂಡೆಯ ಪಕ್ಕದಿಂದ ಮೂರು ದಿನ ತೋಟದ ಕಡೆಯೇ ನೋಡುತ್ತಿದ್ದರು.

12. ಹಳೆಯದನ್ನು ಕತ್ತರಿಸಿ ಎಸೆಯಿರಿ

ಸುಮ್ಮನೆ ಎಸೆದರೆ ಯಾರೋ ಎತ್ತಿಕೊಂಡು ಹೋಗಿ ಸೊಂಟಕ್ಕೆ ಕಟ್ಟಿಕೊಳ್ಳುತ್ತಾರೆ. ನಾನು ದೀಪಾವಳಿಗೆ ಮೊದಲು ಎಲ್ಲವನ್ನೂ ಜಗಲಿಯಲ್ಲಿ ಹರವುತ್ತೇನೆ. ಈ ಸಲ ಅಳಿಯನ ಹಾರ್ನೆಸ್ಸಿನ ಎಡತೊಡೆಯ ಪಟ್ಟಿಯಲ್ಲಿ ಹೊಲಿಗೆಯ ನೂಲು ಎದ್ದಿತ್ತು, ಅಕ್ಕಿಕಾಳಿನಷ್ಟು. ರಾಮನಗರದಿಂದ ಬಂದ ಮೊದಲ ಹಾರ್ನೆಸ್ ಅದು. "ಇನ್ನೊಂದು ವರ್ಷ ಬರ್ತದೆ ಮಾವ" ಅಂದ. ಕತ್ತಿ ತೆಗೆದು ಮೂರು ತುಂಡು ಮಾಡಿದೆ. ಸೊಂಟದ ಪಟ್ಟಿ ಈಗ ಕೊಟ್ಟಿಗೆಯಲ್ಲಿ ಕರುವಿನ ಕೊರಳಲ್ಲಿದೆ.